ಹಿರಿಯರ ಮರೆವು

ಹುಮನಾಬಾದಿನಲ್ಲಿ ಮಗನ ಬಳಿ ಇರುವ ವೃದ್ಧರೊಬ್ಬರು ಸಂಜೆಯಾಯಿತೆಂದರೆ ಕೈಚೀಲ ಹಿಡಿದು, "ಕಲ್ಯಾಣದ ಬಸ್ಸು ಹೊರಡತೈತಿ, ಮನಿಗಿ ಹೋಗಬೇಕು" ಎಂದು ಬಾಗಿಲಿಗೆ ಬರುತ್ತಿದ್ದರು. "ಮನಿ ಇದೇ ಅಲ್ಲೇನ್ರಿ, ಅಪ್ಪಾ?" ಎಂದು ಮಗನು ವಾದಿಸಿದಷ್ಟೂ ಅವರ ಉದ್ವೇಗವು ಹೆಚ್ಚುತ್ತಿತ್ತು. ಸೊಸೆಯಾದರೋ, "ಹೋಗೋಣ್ರಿ ಮಾವಾರ, ಮೊದಲ ಚಹಾ ಕುಡೀರಿ. ನಿಮ್ಮ ಮನಿ ಕೋಟೆಗೆ ಎಷ್ಟು ದೂರ?" ಎಂದು ಕೇಳುವಳು, ಹಳೆಯ ಮಾತಿನಲ್ಲಿ ಅವರು ಹೊರಡುವುದನ್ನೇ ಮರೆಯುವರು. ಇದನ್ನು ನಾವು ಕಣ್ಣಾರೆ ಕಂಡೆವು.

ಈ ಸ್ಮೃತಿಭ್ರಂಶವು ಮಿದುಳಿನ ರೋಗ. ಹಟವೂ ಅಲ್ಲ, ಗಾಳಿಸೋಕೂ ಅಲ್ಲ. ಪ್ರಾಯಶಃ ಹೊಸ ನೆನಪು ಮೊದಲು ಅಳಿದು ಹಳೆಯದು ಉಳಿಯುವುದು. 1948ಕ್ಕೆ ಮುಂಚೆ ನಿಜಾಮರ ಆಳ್ವಿಕೆಯಲ್ಲಿ ಉರ್ದು ಕಲಿತ ಹಿರಿಯರು ಈಗ ಉರ್ದುವಿನಲ್ಲಿಯೇ ಎಣಿಸತೊಡಗಿದರೆ ಆಶ್ಚರ್ಯಪಡತಕ್ಕದ್ದಿಲ್ಲ. ಬಲ್ಲವರು ಅದರಲ್ಲಿಯೇ ಉತ್ತರಕೊಡಲಿ.

ಥೈರಾಯ್ಡ್ ದೋಷದಿಂದಲೂ ಬಿ-12 ಜೀವಸತ್ವದ ಕೊರತೆಯಿಂದಲೂ ಬಂದ ಮರೆವು ಔಷಧದಿಂದ ತಗ್ಗುವುದುಂಟು. ಒಂದೆರಡು ದಿನಗಳಲ್ಲಿಯೇ ಬುದ್ಧಿ ಕಲಕಿದರೆ ಮೂತ್ರದ ಸೋಂಕು ಮೊದಲಾದುವು ಇರಬಹುದು. ಅಂದೇ ವೈದ್ಯರಿಗೆ ತೋರಿಸತಕ್ಕದ್ದು. ಜೇಬಿನಲ್ಲಿ ಹೆಸರು, ಫೋನ್ ಸಂಖ್ಯೆಯ ಚೀಟಿಯಿರಲಿ. ಬಸ್ ನಿಲ್ದಾಣದ ಅಂಗಡಿಯವರಿಗೂ ಗುರುತು ಹೇಳಿಡಿರಿ. ಹಿರಿಯರ ಸಹಾಯವಾಣಿ 14567.

ಆ ಸೊಸೆಗೆ ವಾರಕ್ಕೊಂದು ಹೊತ್ತಿನ ಬಿಡುವನ್ನಾದರೂ ಕೊಡುವವರು ಯಾರೆಂದು ಕೇಳಿದೆವು. ಮಗನು ತಲೆ ತಗ್ಗಿಸಿದನು. ಈಗ ರವಿವಾರ ಸಂಜೆ ಅವನೇ ಚಹಾ ಮಾಡುತ್ತಾನೆ, ಕೋಟೆಯ ದೂರವನ್ನೂ ಕೇಳುತ್ತಾನೆ.