ಗೋಲ್ಕೊಂಡದ ಬಾವಲಿಗಳನ್ನು ಓಡಿಸಬೇಕಾ?

ಊರಿಂದ ಯಾರೇ ಬಂದರೂ ಹೈದರಾಬಾದ್‌ನಲ್ಲಿರೋ ನಾವೆಲ್ಲ ಮಾಡೋದು ಒಂದೇ: ಚಾರ್‌ಮಿನಾರ್, ಬಿರಿಯಾನಿ, ಆಮೇಲೆ ಗೋಲ್ಕೊಂಡ. ಅಪ್ಪ-ಅಮ್ಮ ಬಂದಿದ್ದಾಗಲೂ ಹಾಗೇ ಆಯ್ತು. ಫತೇ ದರ್ವಾಜಾದ ಗುಮ್ಮಟದ ಕೆಳಗೆ ಗೈಡ್ ಚಪ್ಪಾಳೆ ತಟ್ಟಿ, ಈ ಸದ್ದು ಸುಮಾರು ಒಂದು ಕಿಲೋಮೀಟರ್ ಆಚೆ, ಗುಡ್ಡದ ತುದಿಯ ಬಾಲಾ ಹಿಸಾರ್‌ನಲ್ಲಿ ಕೇಳಿಸುತ್ತೆ ಅಂತ ವಿವರಿಸ್ತಿದ್ದ. ಅಮ್ಮನ ಗಮನ ಬೇರೆ ಕಡೆ. ಕತ್ತಲೆ ಕೋಣೆಯೊಂದರಿಂದ ಬರ್ತಿದ್ದ ಘಾಟಿಗೆ ಸೆರಗನ್ನು ಮೂಗಿಗೆ ಹಿಡಿದು, "ಟಿಕೆಟ್ ದುಡ್ಡು ತಗೋತಾರಲ್ಲ, ಈ ಬಾವಲಿಗಳನ್ನ ಓಡಿಸಬಾರದಾ?" ಅಂದರು.

ನಾನು ಸುಮ್ಮನಿದ್ದೆ. ಯಾಕಂದ್ರೆ ಒಂದು ಸಲ ಓಡಿಸಿದವನು ನಾನೇ.

ಲಾಕ್‌ಡೌನ್‌ನಲ್ಲಿ ಊರಿನ ಹಳೇ ಮನೆಯಿಂದ ಕೆಲಸ ಮಾಡ್ತಿದ್ದಾಗ, ಅಟ್ಟದಲ್ಲಿ ಸಣ್ಣ ಬಾವಲಿಗಳಿದ್ದವು. ಮೇ ತಿಂಗಳ ಒಂದು ಸಂಜೆ ಅವೆಲ್ಲ ಹೊರಗೆ ಹಾರಿಹೋದ ಮೇಲೆ ಸಂದಿಗೆ ಸಿಮೆಂಟ್ ಮೆತ್ತಿದೆ. ಒಳಗೆ ಯಾವುದೂ ಇಲ್ಲವಲ್ಲ, ಒಂದೂ ಸಾಯಲ್ಲ ಅಂದುಕೊಂಡೆ. ಬೆಳಗಿನ ಜಾವ ಅವು ಆ ಗೋಡೆಯ ಮುಂದೆಯೇ ಸುತ್ತುತ್ತಿದ್ದವು. ಮೂರು ದಿನಕ್ಕೆ ವಾಸನೆ ಬಂತು. ಅಟ್ಟ ಹತ್ತಿ ನೋಡಿದರೆ, ಇನ್ನೂ ಹಾರಲು ಬಾರದ ಮರಿಗಳು ಸತ್ತು ಬಿದ್ದಿದ್ದವು. ಯಾರು ಬಳಸ್ತಿದ್ದಾರೆ ಅಂತ ನೋಡದೆ ಪ್ರೊಡಕ್ಷನ್ ಸರ್ವರ್ ಆಫ್ ಮಾಡೋದನ್ನ ನಾವು ಆಫೀಸಲ್ಲಿ ಯಾವತ್ತೂ ಮಾಡಲ್ಲ. ಮನೆಯಲ್ಲಿ ಮಾಡಿದ್ದೆ. ಆಮೇಲೆ ಓದಲು ಶುರುಮಾಡಿದೆ. ತಿಳಿದದ್ದನ್ನು ಇಲ್ಲಿ ಹೇಳ್ತೀನಿ.

ಹಳೇ ಕಟ್ಟಡವೇ ಯಾಕೆ?

ಬಾವಲಿಗೆ ಕೋಟೆ ಅಂದ್ರೆ ಮನುಷ್ಯ ಕಟ್ಟಿದ ಗುಹೆ. ಕಲ್ಲು-ಗಾರೆಯ ದಪ್ಪ ಗೋಡೆ ಇರೋದರಿಂದ ಒಳಗಿನ ತಾಪ ಹಗಲು-ರಾತ್ರಿ ಹೆಚ್ಚು ಏರಿಳಿಯಲ್ಲ. ಗಾಳಿಯಲ್ಲಿ ತೇವ ಇರುತ್ತೆ. ಇಲ್ಲದಿದ್ದರೆ ರೆಕ್ಕೆಯ ತೆಳು ಚರ್ಮದಿಂದ ದೇಹದ ನೀರು ಬೇಗ ಆರಿಹೋಗುತ್ತೆ. ಒರಟು ಕಲ್ಲಿಗೆ ಉಗುರು ಸಿಕ್ಕಿಸಬಹುದು. ಹೆಚ್ಚಿನ ಬಾವಲಿಗಳು ಮೇಲಿಂದ ಕೆಳಕ್ಕೆ ಬಿದ್ದು ಹಾರೋದರಿಂದ ಎತ್ತರದ ಚಾವಣಿಯೂ ಬೇಕು. ನಾವಿರೋ ಫ್ಲ್ಯಾಟಿನ ನುಣುಪು ಗೋಡೆ, ಗಾಜಿನ ಕಿಟಕಿಯಲ್ಲಿ ಇದ್ಯಾವುದೂ ಸಿಗಲ್ಲ. ಹಳೇ ಕಟ್ಟಡಗಳಲ್ಲಿ ಇರೋ ಒಂದು ಗುಂಪಿಗೆ ವಿಜ್ಞಾನಿಗಳು ಟ್ಯಾಫೊಜೌಸ್ ಅಂತಲೇ ಹೆಸರಿಟ್ಟಿದ್ದಾರೆ. ಗ್ರೀಕ್‌ನಲ್ಲಿ ಟ್ಯಾಫೋಸ್ ಅಂದ್ರೆ ಗೋರಿ.

ಹಣ್ಣು ತಿನ್ನೋ ರೌಸೆಟಸ್ ಬಾವಲಿಯೂ ಇಂಥ ಕತ್ತಲೆ ಜಾಗಗಳಲ್ಲೇ ಇರುತ್ತೆ. ಬೇರೆ ಹಣ್ಣು ಬಾವಲಿಗಳು ಕಣ್ಣನ್ನೇ ನಂಬಿದರೆ, ಇದು ನಾಲಿಗೆಯಿಂದ ಟಿಕ್ ಟಿಕ್ ಅಂತ ಸದ್ದು ಮಾಡಿ, ಗೋಡೆಗೆ ಬಡಿದು ಬರೋ ಪ್ರತಿಧ್ವನಿಯಿಂದ ದಾರಿ ತಿಳಿಯುತ್ತೆ. ಕೀಟ ತಿನ್ನೋ ಬಾವಲಿಗಳದ್ದು ಸಾಮಾನ್ಯವಾಗಿ 20 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು, ನಮ್ಮ ಕಿವಿಗೆ ಬೀಳಲ್ಲ. ಗೈಡ್ ಚಪ್ಪಾಳೆ ತಟ್ಟಿ ತೋರಿಸೋ ವಿದ್ಯೆಯಿಂದಲೇ ಇವು ದಿನಾ ರಾತ್ರಿ ಹೊಟ್ಟೆ ಹೊರೆಯುತ್ತವೆ.

ನಿಜವಾದ ಗುಹೆಗಳಿಗೇ ಹೋಗಲಿ ಅನ್ನೋಣ ಅಂದ್ರೆ, ಅವೇ ಕಮ್ಮಿಯಾಗ್ತಿವೆ. ನಮ್ಮ ಕೋಲಾರದ ಹನುಮನಹಳ್ಳಿಯ ಬಂಡೆಗುಹೆಯಲ್ಲಿರೋ ಎಲೆಮೂಗಿನ ಬಾವಲಿಗಳು 200ಕ್ಕೂ ಕಡಿಮೆ. 2016ರಲ್ಲಿ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರೋ ಜೀವಿ ಅಂತ ಗುರುತಿಸಿತು. ದೊಡ್ಡ ಬೆದರಿಕೆ ಗ್ರಾನೈಟ್ ಗಣಿ. ಅದನ್ನು ಅಧ್ಯಯನ ಮಾಡಿದವರಲ್ಲಿ ಇದೇ ಹೈದರಾಬಾದ್‌ನ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಶೋಧಕರೂ ಇದ್ದಾರೆ. ಎಲ್ಲ ಜಾತಿಯೂ ಕಟ್ಟಡಕ್ಕೆ ಒಗ್ಗಲ್ಲ. ಒಗ್ಗಿದವಕ್ಕೆ ಬಂಡೆ ಹೋದ ಮೇಲೆ ಉಳಿಯೋದು ಹಳೇ ಕಟ್ಟಡವೇ.

ಇನ್ನೊಂದು ಲೆಕ್ಕ ನೋಡಿ. ಇಲಿಯಷ್ಟೇ ಗಾತ್ರ ಇದ್ದರೂ ಬಾವಲಿಯ ಸಂತಾನ ಇಲಿಯ ಹಾಗಲ್ಲ. ಹೆಚ್ಚಿನವಕ್ಕೆ ಸಲಕ್ಕೆ ಒಂದೇ ಮರಿ, ಬಹಳಷ್ಟು ಜಾತಿಗಳಲ್ಲಿ ಅದೂ ವರ್ಷಕ್ಕೊಮ್ಮೆ. ನಾನು ಒಂದು ಸಂಜೆಯಲ್ಲಿ ಕಳೆದದ್ದು ಆ ಗುಂಪಿನ ಇಡೀ ವರ್ಷದ ಸಂತಾನ.

ತೊಂದರೆ ಇಲ್ಲವಾ?

ಇದೆ. ಹಿಕ್ಕೆ ಮತ್ತು ಮೂತ್ರದಿಂದ ಗಾರೆ, ಚಿತ್ರ, ಕೆತ್ತನೆ ಹಾಳಾಗುತ್ತೆ. ಒಣಗಿದ ಹಿಕ್ಕೆ ಗುಡಿಸುವಾಗ ಶಿಲೀಂಧ್ರದಿಂದ ಶ್ವಾಸಕೋಶದ ಸೋಂಕು ಬರಬಹುದು. ಹಾಗಾಗಿ ಮಾಸ್ಕ್ ಬೇಕು, ನೀರು ಚಿಮುಕಿಸಿಯೇ ಗುಡಿಸಬೇಕು. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಕಚ್ಚಿದರೆ ಸೋಪು-ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರ್ ಹತ್ತಿರ ಹೋಗಿ. ನಿಫಾ ಭಯ ಎಲ್ಲರಿಗೂ ಇದೆ. ನಮ್ಮ ದೇಶದಲ್ಲಿ ಆ ವೈರಸ್‌ಗೆ ಮುಖ್ಯ ಆಸರೆ ಮರಗಳಲ್ಲಿ ನೇತಾಡೋ ದೊಡ್ಡ ಹಣ್ಣು ಬಾವಲಿ, ಕೋಟೆಯ ಕೋಣೆಯದ್ದಲ್ಲ.

ಲಾಭವೂ ಇದೆ. ಕೀಟ ತಿನ್ನುವವು ಬೆಳೆಗೆ ಬೀಳೋ ಪತಂಗಗಳನ್ನು ತಿನ್ನುತ್ತವೆ. ಬೂರುಗ, ಹಿಪ್ಪೆಯಂಥ ಮರಗಳ ಪರಾಗ ಸಾಗಿಸೋದು ಹಣ್ಣು ಬಾವಲಿಗಳು. ಆದರೂ 1972ರ ವನ್ಯಜೀವಿ ಕಾಯ್ದೆಯ ಐದನೇ ಪಟ್ಟಿಯಲ್ಲಿ ಹಣ್ಣು ಬಾವಲಿಗಳು ಇಲಿ, ಕಾಗೆಗಳ ಜೊತೆ ಪೀಡೆ ಅಂತಲೇ ಇದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು.

ಹಾಗಾದರೆ ಏನು ಮಾಡೋದು?

ಪೋರ್ಚುಗಲ್‌ನ ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ 18ನೇ ಶತಮಾನದ ಒಂದು ಗ್ರಂಥಾಲಯ ಇದೆ. ಅಲ್ಲಿ ಪುಸ್ತಕ ತಿನ್ನೋ ಹುಳುಗಳನ್ನು ಬಾವಲಿಗಳು ಹಿಡಿಯುತ್ತವೆ. ಸಂಜೆ ಮೇಜುಗಳ ಮೇಲೆ ಚರ್ಮದ ಹೊದಿಕೆ ಹಾಸಿ, ಬೆಳಿಗ್ಗೆ ತೆಗೆದು ನೆಲ ಒರೆಸುತ್ತಾರೆ. ಅಷ್ಟೇ ಉಪಾಯ. ನಮ್ಮಲ್ಲೂ ಮಾಡಬಹುದಾದದ್ದು ಇಷ್ಟು:

- ದುರಸ್ತಿಗೆ ಮೊದಲು ಯಾವ ಜಾತಿ, ಎಷ್ಟಿವೆ, ಮರಿ ಇವೆಯಾ ಅಂತ ತಿಳಿದವರಿಂದ ನೋಡಿಸಬೇಕು. ಹಲವು ಕೀಟಭಕ್ಷಕ ಬಾವಲಿಗಳು ಬೇಸಿಗೆಯ ಕೊನೆ ಮತ್ತು ಮಳೆಗಾಲದಲ್ಲಿ ಮರಿ ಹಾಕುತ್ತವೆ. ಆಗ ಸಂದಿ ಮುಚ್ಚಲೇಬಾರದು.
- ಚಿತ್ರ, ಕೆತ್ತನೆ ಇರೋ ಜಾಗದಿಂದ ಕಳಿಸಲೇಬೇಕು ಅಂದ್ರೆ, ಮರಿಗಳಿಲ್ಲದ ಕಾಲದಲ್ಲಿ ಸಂದಿಯ ಮೇಲೆ ಕೆಳಗೆ ಬಿಡಿಯಾಗಿರೋ ಬಲೆ ಇಳಿಬಿಡಬೇಕು. ಹೊರಗೆ ಬರಬಹುದು, ಒಳಗೆ ಹೋಗಕ್ಕಾಗಲ್ಲ. ಕೆಲವು ರಾತ್ರಿ ನೋಡಿ, ಎಲ್ಲ ಹೋದದ್ದು ಖಾತ್ರಿಯಾದ ಮೇಲೆ ಮುಚ್ಚಬೇಕು.
- ಕೆತ್ತನೆ ಇಲ್ಲದ ಒಂದೆರಡು ಕತ್ತಲೆ ಕೋಣೆಗಳನ್ನು ಅವಕ್ಕೇ ಬಿಡಬೇಕು. ಬಾಗಿಲಿಗೆ ಅಡ್ಡ ಸರಳುಗಳಿದ್ದರೆ ಜನ ಹೋಗಲ್ಲ, ಬಾವಲಿ ಹೋಗುತ್ತೆ.
- ಅವು ಹೊರಬೀಳೋ ದಾರಿಗೆ ಫ್ಲಡ್‌ಲೈಟ್ ಹಾಕಬಾರದು. ಹೊಗೆ, ಪಟಾಕಿ ಬೇಡ.

ಅಮ್ಮನಿಗೆ ಅವತ್ತು ವಾಪಸ್ ಬರುವಾಗ ಇದನ್ನೆಲ್ಲ ಹೇಳಿದೆ, ಅಟ್ಟದ ಕತೆಯನ್ನೂ ಸೇರಿಸಿ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಆ ಸಿಮೆಂಟ್ ಇನ್ನೂ ಹಾಗೇ ಇದೆ, ಹಬ್ಬಕ್ಕೆ ಬಂದಾಗ ಒಡೆದು ಹೋಗು" ಅಂದರು. ದೀಪಾವಳಿಗೆ ಹೋಗಿ ಒಡೆದೆ. ಇಲ್ಲಿವರೆಗೆ ಒಂದೂ ಬಂದಿಲ್ಲ. ನಿಮ್ಮೂರಿನ ಮನೆ ರಿಪೇರಿಗೆ ಫೋನಲ್ಲೇ ಮೇಸ್ತ್ರಿಗೆ ಹೇಳೋರು, ಮೊದಲು ಅಟ್ಟ ನೋಡಿಸಿ.