ಹವ್ಯಾಸಿ ರೇಡಿಯೋ ಕಾರ್ಯಕ್ಕೆ ಮಿತವ್ಯಯದ ಅಳತೆಯ ಉಪಕರಣಗಳು

ಹವ್ಯಾಸಿ ರೇಡಿಯೋ ಪ್ರೇಷಕವನ್ನು ತಾನೇ ಕಟ್ಟಬೇಕೆಂದು ಹೊರಟ ವಿದ್ಯಾರ್ಥಿಯು ಕೊಳ್ಳಬೇಕಾದ ಉಪಕರಣಗಳ ಯಾದಿಯನ್ನು ಬರೆದರೆ, ಅದರ ಮೊದಲಲ್ಲಿ ಬಹುಮಟ್ಟಿಗೆ ಆಸಿಲೊಸ್ಕೋಪಿನ ಹೆಸರೇ ಇರುತ್ತದೆ. ಅಲೆಯನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಸಹಜವಾದುದೇ. ಆದರೆ ಕೈಯಲ್ಲಿರುವ ಹಣವು ಅಲ್ಪವಾಗಿರುವಾಗ, ಏನನ್ನು ಕೊಳ್ಳಬೇಕೆಂಬುದಕ್ಕಿಂತ ಮೊದಲು ಏನನ್ನು ಅಳೆಯಬೇಕೆಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಪ್ರೇಷಕದಿಂದ ಹೊರಬರುವ ಶಕ್ತಿ ಎಷ್ಟು? ಅದು ಆಂಟೆನಾವನ್ನು ಸರಿಯಾಗಿ ಸೇರುತ್ತಿದೆಯೇ? ಅದರ ಅಂಶವು ಇತರರ ಆವೃತ್ತಿಗಳಿಗೂ ಹರಿಯುತ್ತಿದೆಯೇ? ಇವುಗಳಲ್ಲಿ ಮೊದಲನೆಯದಕ್ಕೆ ಉತ್ತರ ಕೊಡುವ ಸಾಧನವನ್ನು ನಾವು ಮನೆಯಲ್ಲಿಯೇ ಕಟ್ಟಿಕೊಳ್ಳಬಹುದು.

ಅದಕ್ಕೆ ಒಂದು ಡಿಜಿಟಲ್ ಮಲ್ಟಿಮೀಟರು ಬೇಕು. ಅದರ ಆಂತರಿಕ ರೋಧವು 10 ಮೆಗಓಮ್ ಇದ್ದರೆ ಉತ್ತಮ. ತೀರ ಅಗ್ಗದವುಗಳಲ್ಲಿ 1 ಮೆಗಓಮ್ ಮಾತ್ರ ಇರುವುದುಂಟು. ಇಂಥ ಮೀಟರಿನ ಎ.ಸಿ. ಭಾಗವನ್ನು ರಚಿಸಿರುವುದು ಮನೆಯ 50 ಹರ್ಟ್ಸ್ ವಿದ್ಯುತ್ತನ್ನು ಅಳೆಯುವುದಕ್ಕಾಗಿ. 7 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಅದು ತೋರಿಸುವ ಅಂಕಿಗೆ ಅರ್ಥವಿಲ್ಲ. ಆದುದರಿಂದ ರೇಡಿಯೋ ವೋಲ್ಟೇಜನ್ನು ಡಿ.ಸಿ.ಯಾಗಿ ಪರಿವರ್ತಿಸಿ ಅಳೆಯಬೇಕಾಗುತ್ತದೆ.

ಅರ್ಧ ವ್ಯಾಟಿನ, 1000 ಓಮ್ ಬೆಲೆಯ 20 ರೆಸಿಸ್ಟರುಗಳನ್ನು ಸಮಾಂತರವಾಗಿ ಜೋಡಿಸಿದರೆ 50 ಓಮ್ ರೋಧವೂ 10 ವ್ಯಾಟ್ ಶಕ್ತಿಯನ್ನು ತಾಳುವ ಸಾಮರ್ಥ್ಯವೂ ದೊರೆಯುತ್ತವೆ. ರೆಸಿಸ್ಟರುಗಳು ಕಾರ್ಬನ್ ಅಥವಾ ಲೋಹದ ಪದರದವಾಗಿರಬೇಕು. ತಂತಿ ಸುತ್ತಿದವು ಸುರುಳಿಯಂತೆ ವರ್ತಿಸುವುದರಿಂದ ಇಲ್ಲಿ ಸಲ್ಲವು. ಆಂಟೆನಾಕ್ಕೆ ಬದಲಾಗಿ ಪ್ರೇಷಕಕ್ಕೆ ಈ ಲೋಡನ್ನು ಸೇರಿಸಿ, ಅದರ ಮೇಲಿನ ವೋಲ್ಟೇಜನ್ನು 1ಎನ್4148 ಡಯೋಡಿನ ಮೂಲಕ 0.01 ಮೈಕ್ರೊಫ್ಯಾರಡ್ ಕೆಪಾಸಿಟರಿಗೆ ಕೊಟ್ಟರೆ, ಕೆಪಾಸಿಟರು ಅಲೆಯ ಶಿಖರದ ವೋಲ್ಟೇಜಿನವರೆಗೆ ತುಂಬಿಕೊಳ್ಳುತ್ತದೆ. ಅದನ್ನು ಮೀಟರಿನ ಡಿ.ಸಿ. ವ್ಯಾಪ್ತಿಯಲ್ಲಿ ಓದಬೇಕು. ಮೀಟರು 21.8 ವೋಲ್ಟ್ ತೋರಿಸಿತೆನ್ನೋಣ. ಡಯೋಡಿನಲ್ಲಿ ನಷ್ಟವಾದ ಸುಮಾರು 0.6 ವೋಲ್ಟನ್ನು ಕೂಡಿಸಿದರೆ 22.4 ಆಗುತ್ತದೆ, ಇದರ ವರ್ಗವನ್ನು 100ರಿಂದ ಭಾಗಿಸಿದರೆ 5 ವ್ಯಾಟ್. (ಭಾಜಕವು ರೋಧದ ಇಮ್ಮಡಿಯೆಂಬುದನ್ನು ವಿದ್ಯಾರ್ಥಿಗಳೇ ಸಾಧಿಸಿ ನೋಡಬಹುದು.) ಅರ್ಧ ವ್ಯಾಟಿಗಿಂತ ಬಹಳ ಕಡಿಮೆಯಾದ ಶಕ್ತಿಗೆ ಈ ಸಾಧನವನ್ನು ನಂಬಬಾರದು. ಅಲ್ಲಿ ಡಯೋಡಿನ ನಷ್ಟವೇ ಅಳತೆಯ ದೊಡ್ಡ ಪಾಲಾಗಿಬಿಡುತ್ತದೆ.

ಇನ್ನು ಆಸಿಲೊಸ್ಕೋಪಿನ ವಿಚಾರ. ಹಳೆಯದೊಂದು 20 ಮೆಗಾಹರ್ಟ್ಸ್ ಸ್ಕೋಪು ಅಗ್ಗವಾಗಿ ಸಿಕ್ಕಿತೆಂದು ಸಂತೋಷಪಡುವವರು ಆ ಅಂಕಿಯ ಅರ್ಥವನ್ನು ವಿಚಾರಿಸುವುದು ಅಪರೂಪ. ಆ ಆವೃತ್ತಿಯಲ್ಲಿ ಉಪಕರಣವು ನಿಜವಾದ ವೋಲ್ಟೇಜಿನ ಶೇಕಡ 70ರಷ್ಟನ್ನು ಮಾತ್ರ ತೋರಿಸುತ್ತದೆ ಎಂಬುದೇ ಅದರ ಅರ್ಥ. ಇಳಿತವು ಅದಕ್ಕೆ ಬಹಳ ಮುಂಚೆಯೇ ಆರಂಭವಾಗಿರುತ್ತದೆ. ಸಾಮಾನ್ಯ ರಚನೆಯ ಅಂಥ ಸ್ಕೋಪು 14 ಮೆಗಾಹರ್ಟ್ಸ್‌ನಲ್ಲಿ ಶೇಕಡ 82ರಷ್ಟನ್ನು ತೋರಿಸೀತು; ಶಕ್ತಿಯು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ 5 ವ್ಯಾಟ್ ಇದ್ದದ್ದು 3.4 ವ್ಯಾಟ್ ಎಂದು ಗಣಿತವಾದೀತು. ಯಾವ ದೋಷವೂ ಇಲ್ಲದ ಪ್ರೇಷಕವನ್ನು ಬಿಚ್ಚಿ ಟ್ರಾನ್ಸಿಸ್ಟರುಗಳನ್ನು ಬದಲಾಯಿಸುತ್ತ ಕೂರುವ ಪ್ರಸಂಗ ಬರುವುದು ಹೀಗೆ. 100 ಮೆಗಾಹರ್ಟ್ಸ್ ಸ್ಕೋಪಿನಲ್ಲಿ ಇದೇ ದೋಷ ಶೇಕಡ 1ರಷ್ಟು ಮಾತ್ರ. ಅದಕ್ಕೆ ಹಣವಿಲ್ಲದಿದ್ದರೆ ಕಾಲೇಜಿನ ಪ್ರಯೋಗಶಾಲೆಯದನ್ನು ಬಳಸುವುದೇ ಮೇಲು.

ಆಂಟೆನಾದ ಪ್ರಶ್ನೆಗೆ ನ್ಯಾನೊವಿಎನ್ಎ ಎಂಬ ಅಂಗೈಯಗಲದ ಉಪಕರಣವು 2019ರಿಂದೀಚೆಗೆ ಹವ್ಯಾಸಿಗಳಲ್ಲಿ ಬಳಕೆಗೆ ಬಂದಿದೆ. ಅದನ್ನು ಕೇಬಲ್ಲಿನ ತುದಿಯಲ್ಲಿ ಮೂರು ಸ್ಥಿತಿಗಳಿಗೆ, ಎಂದರೆ ತೆರೆದ ತುದಿ, ಕೂಡಿಸಿದ ತುದಿ ಮತ್ತು 50 ಓಮ್ ರೋಧ, ಇವುಗಳಿಗೆ ಹೊಂದಿಸಿಕೊಳ್ಳದೆ ಓದಿದರೆ ಆಂಟೆನಾದ ಜೊತೆಗೆ ಕೇಬಲ್ಲನ್ನೂ ಅಳೆದಂತಾಗುತ್ತದೆ.

ಮೂರನೆಯ ಪ್ರಶ್ನೆ ನೆರೆಯವರಿಗೆ ಸಂಬಂಧಿಸಿದ್ದಾದ್ದರಿಂದ ಅದನ್ನು ಉಪೇಕ್ಷಿಸುವ ಸ್ವಾತಂತ್ರ್ಯ ನಮಗಿಲ್ಲ. 14.2 ಮೆಗಾಹರ್ಟ್ಸ್ ಪ್ರೇಷಕದ ಮೂರನೆಯ ಹಾರ್ಮೋನಿಕ್ 42.6 ಮೆಗಾಹರ್ಟ್ಸ್‌ನಲ್ಲಿ ಬೀಳುತ್ತದೆ; ಅದು ಹವ್ಯಾಸಿಗಳಿಗೆ ಸೇರಿದ ಜಾಗವಲ್ಲ. ನಾವು ಕಟ್ಟಿದ ಡಯೋಡಿನ ಸಾಧನವು ಮೂಲ ಅಲೆಯನ್ನೂ ಹಾರ್ಮೋನಿಕ್ಕನ್ನೂ ಬೇರ್ಪಡಿಸಲಾರದು. ಎರಡನ್ನೂ ಬೆರೆಸಿ ಒಂದೇ ಅಂಕಿಯನ್ನು ಕೊಡುತ್ತದೆ. ಇಲ್ಲಿ ಮಾತ್ರ ಸ್ಪೆಕ್ಟ್ರಮ್ ಅನಲೈಸರು ಅವಶ್ಯಕ. 2020ರಲ್ಲಿ ಬಂದ ಟೈನಿಎಸ್ಎ ಇಂಥ ಉಪಕರಣಗಳಲ್ಲಿ ಅಗ್ಗವಾದುದು. ಪ್ರೇಷಕವನ್ನು ಅದಕ್ಕೆ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುವುದು ನಿಶ್ಚಯ, ಏಕೆಂದರೆ ಅದು ತಾಳುವ ಪರಮಾವಧಿ 10 ಮಿಲಿವ್ಯಾಟ್. ನಡುವೆ 40 ಡೆಸಿಬೆಲ್ ಅಟೆನ್ಯುಯೇಟರನ್ನು ಇಟ್ಟರೆ 5 ವ್ಯಾಟ್ ಅರ್ಧ ಮಿಲಿವ್ಯಾಟಿಗೆ ಇಳಿಯುತ್ತದೆ. ಆ ಅಟೆನ್ಯುಯೇಟರು 5 ವ್ಯಾಟ್ ಶಾಖವನ್ನು ತಾಳುವಂಥದಾಗಿರಬೇಕು.