ಸಾಣಿಕಟ್ಟಾದ ಉಪ್ಪಿನ ಆಗರ

ಗೋಕರ್ಣಕ್ಕೆ ವಾರಾಂತ್ಯದ ವಿಹಾರಾರ್ಥವಾಗಿ ಬರುವ ಮಿತ್ರಮಂಡಳಿಗಳು ಮಹಾಬಲೇಶ್ವರನ ದರ್ಶನ ಮುಗಿಸಿ, ಕುಡ್ಲೆಯ ಕಡೆಗೋ ಓಂ ತೀರದ ಕಡೆಗೋ ನಡೆದು, ಪಡುವಣ ಸೂರ್ಯನಿಗೆ ಮುಖಮಾಡಿ ಕುಳಿತುಬಿಡುವುದರಿಂದ, ಅವರ ಬೆನ್ನ ಹಿಂದೆ, ಅಘನಾಶಿನಿಯ ಅಳಿವೆ ನೆಲದೊಳಕ್ಕೆ ಚಾಚಿಕೊಂಡಿರುವ ಬಯಲಿನಲ್ಲಿ, ತಲೆಮಾರುಗಳಿಂದ ಸಾಗಿಬಂದ ಕಸುಬೊಂದು ಕಣ್ಣಿಗೆ ಬೀಳದೆಯೇ ಉಳಿಯುತ್ತದೆ. ಮಾದನಗೇರಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಗೋಕರ್ಣದತ್ತ ತಿರುಗಿದವರಿಗೆ ದಾರಿಯ ಮಗ್ಗುಲಲ್ಲೇ ದೊರೆಯುವ ಸಾಣಿಕಟ್ಟಾದ ಉಪ್ಪಿನ ಆಗರಗಳ ಕಸುಬು ಅದು.

ಸ್ನೇಹಿತರೊಡನೆ ಎರಡು ದಿನ ತದಡಿಯಲ್ಲೋ ಆಚೆ ದಡದ ಅಘನಾಶಿನಿ ಗ್ರಾಮದಲ್ಲೋ ಪರಿಚಿತರ ಮನೆಯ ಜಗುಲಿಯಲ್ಲಿ ಮಲಗಿ, ಕುಚ್ಚಲಕ್ಕಿಯ ಗಂಜಿಯನ್ನೂ ಮೀನನ್ನೂ ಉಂಡು ಕಾಲ ಕಳೆಯುವವನಿಗೆ ಮೊದಲು ಅರಿವಾಗುವುದು, ಇಲ್ಲಿ ಕೈಗಡಿಯಾರಕ್ಕೆ ಮರ್ಯಾದೆಯಿಲ್ಲವೆಂಬುದು. ಉಬ್ಬರವು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದಾದ್ದರಿಂದ ದೋಣಿಯವನೂ, ಇಳಿತದಲ್ಲಿ ಕೆಸರಿಗಿಳಿದು ಬಳಚು ಚಿಪ್ಪು ಹೆಕ್ಕುವ ಹೆಂಗಸರೂ, ಆಗರದವರೂ ಅದರ ಲೆಕ್ಕದಲ್ಲಿಯೇ ಏಳುತ್ತಾರೆ, ಉಣ್ಣುತ್ತಾರೆ. ಅತಿಥಿಗಳ ಅವಸರವನ್ನು ಯಾರೂ ಕೇಳುವುದಿಲ್ಲ. ಅದೇ ಆ ಊರಿನ ಸೊಗಸೆಂದು ನನ್ನ ಎಣಿಕೆ.

ಆಗರದ ಕೆಲಸವೂ ಉಬ್ಬರದಿಂದಲೇ ಮೊದಲಾಗುವುದು. ಮಳೆಗಾಲ ಕಳೆದು ಕೆಸರನ್ನು ಎತ್ತಿ, ಒಡ್ಡುಗಳನ್ನು ಸರಿಪಡಿಸಿ, ಜೇಡಿನೆಲವನ್ನು ತುಳಿದು ಗಟ್ಟಿಮಾಡಿದ ಮೇಲೆ, ಏರಿ ಬರುವ ನೀರನ್ನು ತೂಬಿನ ಮೂಲಕ ಒಳಕ್ಕೆ ಬಿಟ್ಟುಕೊಂಡು ಬಾಗಿಲನ್ನು ಮುಚ್ಚುತ್ತಾರೆ. ಆ ನೀರು ಒಂದು ಪಾತಿಯಿಂದ ಇನ್ನೊಂದಕ್ಕೆ, ಪ್ರತಿಯೊಂದರಲ್ಲೂ ಬಿಸಿಲಿಗೆ ಇಷ್ಟಿಷ್ಟು ಆರುತ್ತ, ಸಾಂದ್ರವಾಗುತ್ತ ಹೋಗಿ, ಮೊದಲಿನ ಪ್ರಮಾಣದ ಹತ್ತರಲ್ಲೊಂದು ಪಾಲಿನಷ್ಟು ಉಳಿದಾಗ ಮಾತ್ರ ಉಪ್ಪಿನ ಹರಳು ಕಟ್ಟತೊಡಗುತ್ತದೆ. ಸುಣ್ಣದ ಅಂಶಗಳು ಅದಕ್ಕೂ ಮುಂಚೆಯೇ ತಳಕ್ಕಿಳಿದಿರುತ್ತವೆ. ಮೆಗ್ನೀಸಿಯಮ್ಮಿನ ಲವಣಗಳು ಕಡೆಯವರೆಗೂ ನೀರಿನಲ್ಲೇ ಉಳಿಯುವುದರಿಂದ, ಹೊತ್ತು ಮೀರಿದರೆ ಉಪ್ಪು ಕಹಿಯಾಗುವುದು, ಹೊತ್ತಿಗೆ ಮೊದಲೇ ಕೈಹಾಕಿದರೆ ಹರಳು ಬಲಿಯದು. ಈ ನಡುವಣ ಘಳಿಗೆಯನ್ನು ನೀರಿನ ಬಣ್ಣವನ್ನೂ ಮೇಲ್ಮೈಯ ಕೆನೆಯನ್ನೂ ನೋಡಿಯೇ ಹೇಳಬಲ್ಲ ಅನುಭವಿಗೆ ಉಪಕರಣದ ಹಂಗು ಕಡಮೆ. ಬಳಿಕ ಮರದ ಹಲಗೆಯಿಂದ ಎಳೆದು ರಾಶಿಹಾಕುವ ಕೆಲಸ. ಆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಬಿಳುಪಿನ ಪ್ರತಿಫಲನಕ್ಕೆ ಕಣ್ಣು ಕಿರಿದಾಗಿಸಿಕೊಂಡು ಅದನ್ನು ಮಾಡುವವರ ದುಡಿಮೆಯನ್ನು ರಮ್ಯವೆಂದು ಬಣ್ಣಿಸುವವರು ಒಂದು ಗಂಟೆ ಆ ಒಡ್ಡಿನ ಮೇಲೆ ನಿಂತು ನೋಡಬೇಕು. ಕರಾವಳಿಯ ಆಗೇರ ಸಮುದಾಯಕ್ಕೆ ಇದು ಪರಂಪರಾಗತ ವೃತ್ತಿ. ಜೇಡಿಯ ಸಂಪರ್ಕದಿಂದ ತುಸು ಮಾಸಲು ಬಣ್ಣಕ್ಕೆ ತಿರುಗಿರುವ ಈ ದಪ್ಪ ಹರಳಿಗೆ ಅಂಗಡಿಯ ಪುಡಿ ಉಪ್ಪಿನ ಬೆಡಗಿಲ್ಲ; ಮಾವಿನ ಮಿಡಿ ಹಾಕುವ ಮನೆಗಳಲ್ಲಿ ಮಾತ್ರ ಇದರ ಮಾತೇ ಬೇರೆ.

ಉತ್ತರ ಕನ್ನಡವು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಇಲ್ಲಿಯ ಒಂದೊಂದು ಹಿಡಿ ಉಪ್ಪಿನ ಮೇಲೂ ಸರಕಾರದ ಕರವಿದ್ದಿತು. 1930ರ ಏಪ್ರಿಲ್ 13ರಂದು ನೆರೆಯ ಅಂಕೋಲೆಯಲ್ಲಿ ಸತ್ಯಾಗ್ರಹಿಗಳು ಮುರಿದ ಕಾಯಿದೆಯೂ ಅದೇ. ಸ್ವಾತಂತ್ರ್ಯಾನಂತರ, 1952ರಿಂದ, ಆಗರಗಳ ಒಡೆಯರು ನಾಗರಬೈಲ ಸಹಕಾರಿ ಸಂಘದ ಆಶ್ರಯದಲ್ಲಿ ಒಗ್ಗೂಡಿದ್ದಾರೆ.

ಇದೇ ಅಳಿವೆಯ ಇನ್ನೊಂದು ಅದ್ಭುತವಾದ ಗಜನಿ ಭೂಮಿ, ಅಂದರೆ ಮಳೆಗಾಲದಲ್ಲಿ ಉಪ್ಪನ್ನು ಸಹಿಸುವ ಕಗ್ಗ ಭತ್ತವನ್ನೂ ಕೊಯ್ಲಾದ ಮೇಲೆ ಸಿಗಡಿ ಮೀನುಗಳನ್ನೂ ಕೊಡುವ ಗದ್ದೆ, ಬೇರೆ ಲೇಖನಕ್ಕೆ ತಕ್ಕ ವಿಷಯ. ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಲುಕದೆ ಶಿರಸಿಯ ಮಲೆಗಳಿಂದ ಹರಿದುಬರುವ ನದಿಯ ಸಿಹಿನೀರು ಇಲ್ಲಿಯವರೆಗೆ ತಲುಪುತ್ತಿರುವುದರಿಂದಲೇ ಆ ಭತ್ತವೂ ಸಿಗಡಿಯೂ ಬದುಕಿವೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು.

ನೋಡಬಯಸುವವರು ಮಾರ್ಚಿನಿಂದ ಮೇವರೆಗೆ, ಬೆಳಗಿನ ತಂಪಿನಲ್ಲಿ ಹೋಗಬೇಕು. ಒಡ್ಡಿನ ಮೇಲೆ ಕಾಲಿಡುವ ಮುನ್ನ ಅಲ್ಲಿಯವರನ್ನು ಕೇಳಬೇಕು, ಪಾತಿಗಳಿಗೆ ಇಳಿಯಲಾಗದು. ಜೂನಿನ ಮಳೆ ಬಿದ್ದ ಮೇಲೆ ಹೋದವರಿಗೆ ಸಿಗುವುದು ನೀರು ತುಂಬಿದ ಬಯಲು ಮಾತ್ರ.